ಹನ್ನೊಂದನೆಯ ಓಣಿ

ನೆಲಮಾಳಿಗೆಯ ಲ್ಯಾಬಿಗೆ ಕಿಟಕಿ ಒಂದೇ,
ಅದಕ್ಕೂ ಕಾಣುವುದು ಬರೀ ಕಾಲುಗಳು:
ಶಿವಾಜಿನಗರದ ಬಸ್ಸಿಗೆ ಓಡುವ ಚಪ್ಪಲಿ,
ಬಿಲ್ಲು ಕಟ್ಟಲು ಅಲೆದಲೆದು ಬೂದಿಯಾದ ಹಿಮ್ಮಡಿ.

ಒಂಬತ್ತು ದಿನದಲ್ಲಿ ಐದು ಕೂಸುಗಳ ರಕ್ತ ಬಂತು.
ತಟ್ಟೆಯಲ್ಲಿ ಅದೇ ಗುಲಾಬಿ, ಅದೇ ಲೋಳೆ,
ತಂತಿಗೆ ಅಂಟಿ ನೂಲಾಗಿ ಎಳೆದು ಬರುವ ಕ್ಲೆಬ್ಸಿಯೆಲ್ಲಾ.
ಔಷಧದ ಬಿಲ್ಲೆಗಳ ಅಂಚಿನವರೆಗೂ
ಹೆದರದೆ ಬೆಳೆದಿತ್ತು, ಬೇಲಿ ಮೇಲೆ ಅವರೆ ಹಬ್ಬಿದ ಹಾಗೆ.

‘ಹೆಸರು ಒಂದೇ ಆದರೆ ಮನೆ ಒಂದೇ ಏನು?’
ಶಾರ್ವರಿ ಮೇಡಂ ಕೇಳಿದರು.
‘ಈ ಊರಲ್ಲಿ ಎಷ್ಟು ಜನ ಮಂಜುನಾಥರಿಲ್ಲ!
ಕುಲಗೋತ್ರ ವಿಚಾರಿಸಿ.’

ಮೇಲಿನ ಮಹಡಿಯಲ್ಲಿ ಆಗಲೇ ವಿಚಾರಣೆ ಮುಗಿದಿತ್ತು.
ನೆಲ ಒರೆಸುವ ಮುನಿಲಕ್ಷ್ಮಮ್ಮ, ಗುತ್ತಿಗೆಯವಳು.
ಅವಳ ಕೈ, ಅವಳ ಬಕೆಟ್ಟು, ಅವಳ ಕಡೆಯವರು
ಎಂಬಲ್ಲಿಗೆ ಬಂದು ಮಾತು ಸ್ವಲ್ಪ ತಗ್ಗುತ್ತಿತ್ತು.
ನಾನು ಹತ್ತಿ ಕಡ್ಡಿ ಹಿಡಿದು ಹೋದಾಗ
ಬಳೆಗಾರನಿಗೆ ಚಾಚುವಂತೆ ಎರಡೂ ಕೈ ಚಾಚಿದಳು.
ಫಿನಾಯಿಲು ತಿಂದ ಬೆರಳ ಸಂದು.
‘ಗಂಡಾಂತರ ಏನಾದ್ರೂ ಕಾಣ್ತದಾ ಸಾ?’ ಅಂದು ನಕ್ಕಳು.

ಅಗರೋಸಿನೊಳಗೆ ಜೀವಾಣುವ ಕೂಡಿಹಾಕಿ
ಅಲ್ಲೇ ಒಡೆದು, ತೊಳೆದು, ಮತ್ತೆ ತೊಳೆದು,
ಬರ್ಫಿಯಂತೆ ತೆಳ್ಳಗೆ ಕೊಯ್ದೆ.
ಕಿಣ್ವದ ಕತ್ತರಿಗೆ ಒಂದೇ ಹಟ:
ಆರಕ್ಷರದ ಆ ಪದ ಕಂಡಲ್ಲಿ ಮಾತ್ರ ಕತ್ತರಿಸುತ್ತದೆ,
ಕಾಣದಿದ್ದರೆ ಮೈಲಿಗಟ್ಟಲೆ ಸುಮ್ಮನೆ ನಡೆಯುತ್ತದೆ.

ಆಮೇಲೆ ಇಪ್ಪತ್ತು ಗಂಟೆ ಕರೆಂಟು.
ಒಮ್ಮೆ ಈ ದಿಕ್ಕಿನಿಂದ, ಒಮ್ಮೆ ಆ ದಿಕ್ಕಿನಿಂದ.
ಬೆಳಗಿನ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ಟಿನ ಸರ್ಕಲ್ಲು ನೋಡಿದವರಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.
ಹೂವಿನ ಬುಟ್ಟಿ ಹೊತ್ತ ಸ್ಕೂಟರು ಸಂದಿಯಲ್ಲಿ ನುಸುಳಿ ಮುಂದೆ,
ಕೋಸಿನ ಲಾರಿ ಇನ್ನೂ ತಿರುಗುತ್ತಿದೆ.
ಎರಡೂ ನಲವತ್ತಕ್ಕೆ ಬೆಸ್ಕಾಂ ಕೈಕೊಟ್ಟಿತು.
ಯುಪಿಎಸ್ಸು ಕೀರಲು, ನಾನು ಕುರ್ಚಿಯಲ್ಲಿ
ಯಾವ ದೇವರಿಗೆಂದು ಹೆಸರಿಡದೆ ಕೈಮುಗಿದೆ.

ಕತ್ತಲ ಪೆಟ್ಟಿಗೆಯಲ್ಲಿ ಕಿತ್ತಳೆ ಗೆರೆಗಳು ಉರಿದವು.
ಎರಡರಿಂದ ಆರು, ಐದು ಕೂಸುಗಳು:
ಹದಿನಾರು ಗೆರೆ, ಒಂದೇ ಮಗ್ಗದ ಅಂಚು.
ಸಿಂಕಿನದು ಬೇರೆ. ಪೆಟ್ಟಿಗೆ ಬಾಗಿಲಿನದು ಬೇರೆ.
ಹತ್ತನೆಯ ಓಣಿಯಲ್ಲಿ ಮತ್ತೆ ಅದೇ ಹದಿನಾರು:
ನೆತ್ತಿಯ ಸ್ಕ್ಯಾನಿಗೆ ಸವರುವ ಜೆಲ್ಲಿನ ಬಾಟಲಿ.
ಕೂಸಿಗೆ ತಣ್ಣಗೆ ತಾಕಬಾರದೆಂದು
ಯಾರೋ ಕಕ್ಕುಲಾತಿಯಿಂದ ಬೆಚ್ಚಗಿಟ್ಟದ್ದು,
ಪೂರ್ತಿ ಬರಿದಾಗಲು ಬಿಡದೆ, ತೊಳೆಯದೆ,
ಐದು ಲೀಟರ್ ಕ್ಯಾನಿನಿಂದ ತುಂಬಿಸಿ ತುಂಬಿಸಿ ಇಟ್ಟದ್ದು.
ಯಾರೋ ಎಂದರೆ ಎಲ್ಲರೂ. ಒಮ್ಮೆ ನನ್ನೆದುರೇ.

ಹನ್ನೊಂದನೆಯದು ಅವಳದು.
ಎಂಟು ಗೆರೆ ತಾಳೆಯಿಲ್ಲ. ಬೇರೆಯೇ ಊರು, ಬೇರೆಯೇ ದಾರಿ.
‘ಸಂಬಂಧವಿಲ್ಲ’ ಎಂದು ಟೈಪಿಸಿದೆ.
ಅವಳು ಗುರುತಿನ ಚೀಟಿ ಒಪ್ಪಿಸಿ ಹೋಗಿ ನಾಲ್ಕು ದಿನವಾಗಿತ್ತು.
ಅದಕ್ಕೊಂದು ಕಾಲಮ್ಮು ಆ ಫಾರಮ್ಮಿನಲ್ಲಿಲ್ಲ.

ನಂಬರು ಹುಡುಕಿ ಫೋನು ಮಾಡಿದೆ.
ಗೋರಿಪಾಳ್ಯದ ಹತ್ತಿರ ಯಾವುದೋ ಛತ್ರ,
ಹಿಂದೆ ಹಂಡೆ ಉಜ್ಜುವ ಸದ್ದು.
ಗೆರೆ, ಓಣಿ, ಹದಿನಾರು, ಎಂಟು, ಎಲ್ಲಾ ಹೇಳಿದೆ.
ಕೇಳಿಸಿಕೊಂಡು, ‘ಅದಿರ್ಲಿ ಸಾ,
ಮೂರನೇ ತೊಟ್ಟಿಲದು, ಕೈ ಮುಚ್ಕೊಂಡೇ ಮಲಗ್ತಿತ್ತಲ್ಲ,
ಹಾಲು ಕುಡೀತಾ?’

ನಾಲ್ಕನೆಯ ಓಣಿ ಅದು. ಭಾನುವಾರವೇ.

‘ಹೂಂ’ ಅಂದೆ.
ಇಪ್ಪತ್ತಾರು ವರ್ಷದಲ್ಲಿ ಕಂಟ್ರೋಲ್ ಇಲ್ಲದೆ
ನಾನು ಕೊಟ್ಟ ಒಂದೇ ರಿಪೋರ್ಟು.
ಅವಳು ನಂಬಿದಳೋ ಇಲ್ಲವೋ,
ಹಂಡೆಯ ಸದ್ದು ಸ್ವಲ್ಪ ಹೊತ್ತು ನಿಂತು
ಮತ್ತೆ ಶುರುವಾಯಿತು.